ಸಿಂಬೆಯ ಮೇಲೊಂದು ಬಾಣಲೆ

ಲೋಹದ ಮೇಲೆ ಕೈಯಿಂದ ಕೆತ್ತುವುದನ್ನು ಕಲಿಯಹೊರಟವರು ಮೊದಲು ಮಾತಾಡುವುದು ಉಳಿಯ ಬಗ್ಗೆ. ಉಕ್ಕು ಯಾವುದು, ಮೊನೆ ಎಷ್ಟು ಡಿಗ್ರಿ, ಹಿಡಿ ಗಿಡ್ಡನೆಯದೋ ಉದ್ದನೆಯದೋ, ಇದರಲ್ಲೇ ಸಂಜೆಗಳು ಕಳೆದುಹೋಗುತ್ತವೆ. ಕೆತ್ತಿಸಿಕೊಳ್ಳಬೇಕಾದ ತಗಡು ಯಾವುದರ ಮೇಲೆ ಕೂರಬೇಕು, ಅದನ್ನು ಹಿಡಿದುಕೊಳ್ಳುವವರು ಯಾರು ಎಂಬ ಪ್ರಶ್ನೆ ಏಳುವುದು ಕೊನೆಗೆ, ಅದೂ ಎಡಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಳ್ಳುವಾಗ. ಹಾರ್ಮೋನಿಯಂ ಕಚೇರಿಯಲ್ಲಿ ಕೂತವರು ಬಲಗೈ ಬೆರಳುಗಳ ಓಟವನ್ನೇ ನೋಡುತ್ತಾರೆ. ಹಿಂದೆ ತಿದಿಯೊತ್ತುವ ಎಡಗೈ ನಿಂತರೆ ಆ ಬೆರಳುಗಳಿಗೆ ದನಿಯೇ ಇಲ್ಲ. ಕೆತ್ತನೆಯಲ್ಲೂ ಅರ್ಧಕ್ಕಿಂತ ಹೆಚ್ಚು ಕೆಲಸ ಎಡಗೈಯದು.

ಕಾರಣ ಸರಳ. ಅಂಗೈಯಿಂದ ಒತ್ತಿ ದೂಡುವ ಉಳಿ ಹೋಗುವುದು ನೇರಕ್ಕೆ. ಬಳ್ಳಿಯ ಬಾಗು ಬೇಕೆಂದು ಉಳಿಯನ್ನೇ ಹೊರಳಿಸಿದಿರೋ, ಗೆರೆಯ ಒಂದು ಅಂಚು ಹರಿದು ಮೊನೆ ಮುರಿಯುತ್ತದೆ. ಉಳಿ ಹೆಚ್ಚುಕಮ್ಮಿ ಇದ್ದಲ್ಲೇ ಇರಬೇಕು, ತಗಡು ತಿರುಗಿ ಅದಕ್ಕೆ ಎದುರಾಗಬೇಕು. ಹಾಗಾಗಿ ಹಿಡಿಯುವ ಸಾಧನದಿಂದ ನಾವು ಕೇಳುವುದು ಒಂದಕ್ಕೊಂದು ಒಗ್ಗದ ಎರಡು ಗುಣ: ಕೂದಲೆಳೆಯಷ್ಟೂ ಅಲುಗಬಾರದು, ಬೆರಳು ತಾಗಿಸಿದರೆ ಸಲೀಸಾಗಿ ಸುತ್ತಬೇಕು. ಇದಕ್ಕೆಂದೇ ಮಾಡಿದ ಉಕ್ಕಿನ ಗೋಳದ ವೈಸು ಪೇಟೆಯಲ್ಲಿದೆ. ಕೆಳಗೆ ಭಾರದ ಗುಂಡು, ಮೇಲೆ ತಿರುಗುವ ದವಡೆ. ಹೊರದೇಶದಿಂದ ತರಿಸಿದರೆ ಹತ್ತಾರು ಸಾವಿರ ರೂಪಾಯಿ. ನಿವೃತ್ತಿಯ ನಂತರ ಹುಟ್ಟಿದ ಹವ್ಯಾಸಕ್ಕೆ ಅಷ್ಟು ಸುರಿಯುವುದು ಗುಜರಾತಿನಲ್ಲಿ ಇಷ್ಟು ಕಾಲ ಬದುಕಿದವನಿಗೆ ಶೋಭೆಯಲ್ಲ. ಇಲ್ಲಿನವರು ಕಲ್ಲಂಗಡಿ ಸಿಪ್ಪೆಯಿಂದಲೂ ಪಲ್ಯ ಮಾಡುತ್ತಾರೆ.

ನನ್ನ ನೌಕರಿ ಅಹಮದಾಬಾದಿನಲ್ಲಿ ಶುರುವಾಗಿ ವಡೋದರದಲ್ಲಿ ಮುಗಿಯಿತು. ಮಗಳು ಸೂರತ್ತಿನಲ್ಲಿದ್ದಾಳೆ. ಮೂರೂ ಊರು ಒಂದೇ ರೈಲುಹಳಿಯ ಮೇಲೆ ಇರುವುದರಿಂದ ನನ್ನ ಕೆತ್ತನೆಯ ಸಾಮಾನು ಸರಂಜಾಮೂ ಅದೇ ಹಳಿಯ ಮೇಲೆ ಓಡಾಡುತ್ತ ಕೂಡಿಕೊಂಡಿತು. ನಾನು ಸಾಗರದ ಕಡೆಯವನು. ಅಲ್ಲಿ ಗುಡಿಗಾರರು ಗಂಧದ ಮರ ಕೆತ್ತುವುದನ್ನು ನೋಡುತ್ತ ಬೆಳೆದದ್ದು ಈ ಚಟಕ್ಕೆ ಬೀಜವಾಗಿದ್ದೀತು. ಆದರೆ ಮರವೇ ಬೇರೆ, ತಾಮ್ರವೇ ಬೇರೆ. ಲೋಹದ ಕೆತ್ತನೆ ಎಂದರೆ ಕನ್ನಡಿಗನಿಗೆ ನೆನಪಾಗುವುದು ಬೀದರ್; ಆ ಬಿದ್ರಿಯವರ ನಾಡಿಗೆ ಹೋಗಿ ಕಲಿಯದೆ ಸಬರಮತಿ ತೀರದಲ್ಲಿ ಕಲಿಯುತ್ತಿದ್ದೇನೆ, ಅದು ನನ್ನ ಜಾತಕ.

ಅಹಮದಾಬಾದಿನ ಮಾಣೆಕ್ ಚೌಕಕ್ಕೆ ಹಗಲು ಹೋಗಬೇಕು. ರಾತ್ರಿ ಅದು ಪಾವ್‌ಭಾಜಿ, ಕುಲ್ಫಿಯವರ ರಾಜ್ಯ. ಹಗಲು ಚಿನ್ನ ಬೆಳ್ಳಿಯವರದು. ಅಲ್ಲಿನ ಪೋಳಗಳ, ಎಂದರೆ ಹಳೇ ಓಣಿಗಳ, ಇಕ್ಕಟ್ಟು ಮಹಡಿಗಳಲ್ಲಿ ಕೆಲಸ ಮಾಡುವ ಕಾರೀಗರರಲ್ಲಿ ಬಂಗಾಳದಿಂದ ಬಂದವರು ಬಹಳ. ಕೆಳಗಿನ ಗಲ್ಲಿಯ ಧೂಳನ್ನೂ ಗುಡಿಸಿಕೊಂಡು ಹೋಗಿ ತೊಳೆದು ಚಿನ್ನದ ಕಣ ತೆಗೆಯುವ ಧೂಳಧೋಯಾಗಳಿದ್ದಾರೆ, ನಮ್ಮ ಕಡೆಯ ಜಾಲಗಾರರಂತೆ. ಅಲ್ಲೊಬ್ಬ ಕಾರೀಗರ ಗಿಡ್ಡ ಮೇಜಿನ ಮುಂದೆ ನೆಲದ ಮೇಲೆ ಕೂತು ಉಂಗುರಕ್ಕೆ ಹೂವು ಕೊರೆಯುತ್ತಿದ್ದ. ಉಂಗುರ ಇದ್ದದ್ದು ಒಂದು ಮರದ ಕಡ್ಡಿಯ ತುದಿಗೆ ಮೆತ್ತಿದ ಅರಗಿನಲ್ಲಿ. ಆ ಕಡ್ಡಿಯ ಕೆಳತುದಿಯನ್ನು ಆಗಾಗ ಕಾಲ ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ನಡುವೆ ಸಿಕ್ಕಿಸಿಕೊಳ್ಳುತ್ತಿದ್ದ. ‘ನಿಮ್ಮ ವೈಸು ಎಲ್ಲಿ?’ ಎಂದು ಕೇಳಿದೆ. ‘ದಾದಾ, ಹುಟ್ಟುವಾಗಲೇ ಎರಡು ಕೊಟ್ಟಿದ್ದಾನಲ್ಲ’ ಎಂದು ಪಾದ ತೋರಿಸಿದ.

ನೆಲದ ಮೇಲೆ ಕೂತು ಕೆಲಸ ಮಾಡುವ ನಮ್ಮ ದೇಶದ ಕಸುಬುದಾರರಿಗೆ ಪಾದಕ್ಕಿಂತ ಅಗ್ಗದ ಇಕ್ಕಳ ಇನ್ನೊಂದಿಲ್ಲ. ಬಡಗಿ, ಚಮ್ಮಾರ, ಅಕ್ಕಸಾಲಿಗ ಎಲ್ಲರದೂ ಅದೇ ಉಪಾಯ. ಬಿಗಿಯುವುದಕ್ಕೆ ತಿರುಪು ಬೇಡ, ಸಡಿಲಿಸುವುದಕ್ಕೆ ಪಾನಾ ಬೇಡ, ನೋವಾದರೆ ತಾನೇ ಹೇಳುತ್ತದೆ. ನನ್ನ ಮಂಡಿಗಳು ಮಾತ್ರ ಈ ಪರಂಪರೆಗೆ ಸೇರಲು ಒಪ್ಪಲಿಲ್ಲ. ಕುರ್ಚಿ ಮೇಜಿನ ಕೆತ್ತನೆಗಾರನಾಗಬೇಕಾದವನು ಪಾದಕ್ಕೆ ಬದಲಿ ಹುಡುಕಲೇಬೇಕು. ಹುಡುಕಾಟ ಅಡುಗೆಮನೆಯಿಂದ ಶುರುವಾಯಿತು.

ರಾಳದ ಬಾಣಲೆ ಎಲ್ಲಕ್ಕಿಂತ ಹಳೆಯದು, ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಒಳ್ಳೆಯದೂ ಹೌದು. ದುಂಡು ತಳದ ಸಣ್ಣ ಕಬ್ಬಿಣದ ಬಾಣಲೆ ಬೇಕು. ಚಪ್ಪಟೆ ತಳದ್ದು, ನಾನ್‌ಸ್ಟಿಕ್ಕಿನದು ಕೆಲಸಕ್ಕೆ ಬಾರದು. ಅದರೊಳಗೆ ರಾಳ, ಇಟ್ಟಿಗೆ ಪುಡಿ, ಒಂದಿಷ್ಟು ಎಣ್ಣೆ. ರಾಳ ಹಳೇ ಪೇಟೆಯ ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ. ರಾಳ ಎಷ್ಟು ತೂಕವೋ ಸುಮಾರಾಗಿ ಅಷ್ಟೇ ತೂಕದ ಇಟ್ಟಿಗೆ ಪುಡಿ. ಕೆಂಪಿಟ್ಟಿಗೆ ಕುಟ್ಟಿ ತೆಳುಬಟ್ಟೆಯಲ್ಲಿ ಜರಡಿ ಹಿಡಿದು, ಒಣ ಬಾಣಲೆಯಲ್ಲಿ ಹುರಿದು ಪಸೆ ಪೂರ್ತಿ ತೆಗೆಯಬೇಕು. ಹಸಿ ಪುಡಿಯನ್ನು ಕಾದ ರಾಳಕ್ಕೆ ಸುರಿದರೆ ನೊರೆಯೆದ್ದು ಉಕ್ಕುತ್ತದೆ, ಉಕ್ಕಿದ್ದು ಕೈಗೆ ಬಿದ್ದರೆ ಚರ್ಮಕ್ಕೇ ಅಂಟಿಕೊಂಡು ಸುಡುತ್ತದೆ. ಉರಿ ಸಣ್ಣದಿರಬೇಕು, ರಾಳಕ್ಕೆ ಬೆಂಕಿ ಹೊತ್ತಿಕೊಂಡರೆ ಮುಚ್ಚಲು ತಟ್ಟೆಯೊಂದು ಪಕ್ಕದಲ್ಲಿರಬೇಕು. ಈ ಕೆಲಸವನ್ನು ಮನೆಯೊಳಗೆ ಮಾಡಬಾರದೆಂದು ಪುಸ್ತಕಗಳು ಹೇಳುತ್ತವೆ. ನನ್ನಾಕೆ ಪುಸ್ತಕ ಓದದೆಯೇ ಅದನ್ನು ಹೇಳಿದಳು.

ಎಣ್ಣೆಯ ಅಳತೆಯಲ್ಲಿದೆ ಜಾಣತನ. ಎಣ್ಣೆ ಹೆಚ್ಚಾದಷ್ಟೂ ರಾಳ ಮೆದು. ತಗಡನ್ನು ಹಿಂದಿನಿಂದ ತಟ್ಟಿ ಉಬ್ಬಿಸುವವರಿಗೆ ಮೆದು ಬೇಕು, ಏಟಿಗೆ ತಗಡು ಒಳಗಿಳಿಯಬೇಕಲ್ಲ. ಗೆರೆ ಕೊರೆಯುವವನಿಗೆ ಗಟ್ಟಿಯಾದದ್ದೇ ಬೇಕು, ತಗಡು ಬಳುಕಿದರೆ ಗೆರೆಯ ಆಳ ಏರುಪೇರಾಗುತ್ತದೆ. ಸಾಲದ್ದಕ್ಕೆ ಋತುಮಾನ ಬೇರೆ. ಅಹಮದಾಬಾದಿನಲ್ಲಿ 2016ರ ಮೇ 20ರಂದು ಉಷ್ಣತೆ 48 ಡಿಗ್ರಿ ಮುಟ್ಟಿತ್ತು. ಅಂಥ ಬೇಸಗೆಯಲ್ಲಿ ಚಳಿಗಾಲದ ರಾಳ ಇಟ್ಟುಕೊಂಡರೆ ಬೆಳಗ್ಗೆ ನಡುವೆ ಕೂರಿಸಿದ ತಗಡು ಮಧ್ಯಾಹ್ನಕ್ಕೆ ಅಂಚಿಗೆ ಸರಿದಿರುತ್ತದೆ. ಉತ್ತರಾಯಣದ ಚಳಿಗೆ ಬೇಸಗೆಯ ರಾಳ ಇಟ್ಟುಕೊಂಡರೆ ಏಟಿಗೆ ಚೂರುಚೂರಾಗಿ ಸಿಡಿಯುತ್ತದೆ. ಆದ್ದರಿಂದ ಹೋಳಿ ಕಳೆದ ಮೇಲೆ ಕರಗಿಸಿ ಇನ್ನಷ್ಟು ಇಟ್ಟಿಗೆ ಪುಡಿ, ದೀಪಾವಳಿ ಕಳೆದ ಮೇಲೆ ಇನ್ನೆರಡು ಚಮಚ ಎಣ್ಣೆ. ಯಾವ ಎಣ್ಣೆಯಾದರೂ ನಡೆಯುತ್ತದೆ. ಪಕ್ಕದ ಮನೆಯ ಮಾಸಿ ಮಾತ್ರ ಶೇಂಗಾ ಎಣ್ಣೆಯನ್ನು ಇಟ್ಟಿಗೆ ಪುಡಿಗೆ ಹಾಕುವುದನ್ನು ನೋಡಿ, ‘ಭಾಯಿ, ಡಬ್ಬದ ರೇಟು ಗೊತ್ತಿದೆಯಾ?’ ಎಂದರು. ಸೌರಾಷ್ಟ್ರ ಮೂಲದವರು, ಸಿಂಗ್‌ತೇಲ್ ಅವರಿಗೆ ಅಡುಗೆಯ ಸಾಮಾನಲ್ಲ, ಆಸ್ತಿ.

ಬಾಣಲೆ ದುಂಡು ತಳದ್ದಾಗಿರಬೇಕೆಂದೆನಲ್ಲ, ಅದು ಕೂರುವುದಕ್ಕೆ ಒಂದು ಬಳೆ ಬೇಕು. ವಿದೇಶಿ ಪುಸ್ತಕಗಳು ರಬ್ಬರಿನ ಬಳೆಯನ್ನೋ ಚರ್ಮದ ಬಳೆಯನ್ನೋ ಕೊಳ್ಳಿ ಎನ್ನುತ್ತವೆ. ನಮ್ಮಲ್ಲಿ ಕೊಡ ಹೊರುವವರ ತಲೆಯ ಮೇಲೆ ಸಿಂಬೆ ಇರುವಾಗ ಆ ಖರ್ಚೇಕೆ? ಗುಜರಾತಿನಲ್ಲಿ ಇದಕ್ಕೆ ಇಂಢೋಣಿ ಎನ್ನುತ್ತಾರೆ. ಹಬ್ಬಕ್ಕೂ ಮದುವೆಗೂ ಮಣಿ ಪೋಣಿಸಿದ, ಜಾಲರಿ ಇಳಿಬಿಟ್ಟ ಇಂಢೋಣಿಗಳು ಬರುತ್ತವೆ, ನೋಡಲು ಕಿರೀಟದ ಠೀವಿ. ನಮಗೆ ಬೇಕಾದದ್ದು ಬಡ ಸಿಂಬೆ, ಹಳೇ ಹತ್ತಿ ಸೀರೆ ಸುತ್ತಿದ್ದು. ಅದರ ಮೇಲೆ ಬಾಣಲೆ ಇಟ್ಟರೆ ಎಡಗೈಯ ಎರಡು ಬೆರಳಿಗೆ ಸುತ್ತುತ್ತದೆ, ಬೇಕಾದ ಕಡೆಗೆ ವಾಲುತ್ತದೆ, ಉಳಿಯ ಒತ್ತಡಕ್ಕೆ ನೆಲೆಯಾಗಿ ಕೂರುತ್ತದೆ. ಒಗ್ಗದ ಎರಡು ಗುಣ ಎಂದೆನಲ್ಲ, ಅವೆರಡನ್ನೂ ಕೂಡಿಸಿದ್ದು ಉಕ್ಕಿನ ಬೇರಿಂಗಲ್ಲ, ಹಳೇ ಸೀರೆ. ತಗಡನ್ನು ಕೂರಿಸುವಾಗ ಬೆನ್ನಿಗೆ ತುಸು ಎಣ್ಣೆ ಸವರಿ, ರಾಳದ ಮೇಲ್ಮೈಯನ್ನಷ್ಟೇ ಕಾಸಿ ಒತ್ತಿ, ಅಂಚಿನ ಮೇಲೆ ರಾಳವನ್ನು ಒಂದು ಕೂದಲಷ್ಟು ಎಳೆದುಕೊಂಡರೆ ಸಾಕು. ಬಿಡಿಸುವಾಗ ಮತ್ತೆ ಕಾಸುವುದು, ಉಳಿದ ಜಿಗುಟನ್ನು ಸೀಮೆಎಣ್ಣೆಯಿಂದ ಒರೆಸುವುದು.

ಅಹಮದಾಬಾದಿಗೆ ಹೋದವರು ವಿಶಾಲಾ ಹೋಟೆಲಿನ ಪಾತ್ರೆಗಳ ಸಂಗ್ರಹಾಲಯವನ್ನು ನೋಡದೆ ಬರಬಾರದು. ಸುರೇಂದ್ರ ಪಟೇಲರು 1981ರಲ್ಲಿ ಕಟ್ಟಿದ ಇದರಲ್ಲಿ ಸಾವಿರಾರು ಪಾತ್ರೆಗಳಿವೆ. ಅಡಕೆ ಕತ್ತರಿಗಳ ಸಾಲಿನ ಮುಂದೆ ಮಲೆನಾಡಿನವನಿಗೆ ಅರ್ಧ ದಿನ ಬೇಕು. ಹೂಜಿ, ಲೋಟಾ, ಡಬ್ಬಿಗಳ ಮೈಮೇಲಿನ ಕೆತ್ತನೆ ನೋಡುತ್ತ ನನಗೆ ಬಂದ ಯೋಚನೆ ಬೇರೆ. ಟೊಳ್ಳು ಪಾತ್ರೆಯನ್ನು ಕೆತ್ತುವಾಗ ಒಳಗೆ ರಾಳ ತುಂಬುತ್ತಾರೆ, ಇಲ್ಲದಿದ್ದರೆ ಏಟಿಗೆ ತಗ್ಗಾಗುತ್ತದೆ. ಕೆಲಸ ಮುಗಿದ ಮೇಲೆ ಕಾಸಿ ಬಸಿಯುತ್ತಾರೆ. ಪಾತ್ರೆ ಮಾರಾಟಕ್ಕೆ ಹೋಗುತ್ತದೆ, ಕಾಲಾಂತರದಲ್ಲಿ ಗಾಜಿನ ಹಿಂದೆ ಸೇರುತ್ತದೆ. ಅದನ್ನು ಒಳಗಿನಿಂದ ಹಿಡಿದುಕೊಂಡಿದ್ದ ರಾಳ ಮುಂದಿನ ಪಾತ್ರೆಗೆ ಹೋಗುತ್ತದೆ. ಹಿಡಿಯುವ ಸಾಮಾನಿಗೆ ಸಂಗ್ರಹಾಲಯದಲ್ಲಿ ಜಾಗ ಸಿಗದಿರುವುದು ಅನ್ಯಾಯವೇನಲ್ಲ, ಅದಕ್ಕೆ ಬಿಡುವಿರುವುದಿಲ್ಲ ಅಷ್ಟೆ.

ಭಾನುವಾರವಾದರೆ ಎಲ್ಲಿಸ್ ಬ್ರಿಜ್ ಪಕ್ಕದ ಗುಜರಿ ಬಜಾರ್. ಅಹಮದ್ ಶಾಹನ ಕಾಲದ್ದು, 1414ರಿಂದ ನಡೆಯುತ್ತಿದೆ ಎನ್ನುತ್ತಾರೆ. ಈಗ ನದೀದಂಡೆಯ ಹೊಸ ಜಾಗದಲ್ಲಿದೆ. ಹಳೇ ಪುಸ್ತಕ, ಮಂಚ, ಮೇಕೆ, ತುಕ್ಕು ಹಿಡಿದ ಹತಾರ, ಎಲ್ಲವೂ ಉಂಟು. ನನ್ನ ಎರಡನೇ ಸಾಧನದ ಅಂಗಾಂಗಗಳೆಲ್ಲ ಇಲ್ಲಿಯವು. ಡ್ರಿಲ್ ಮಿಷನ್ನಿನ ಕೆಳಗಿರುವ ಪುಟ್ಟ ವೈಸು, ಹಳೇ ಸ್ಕೂಟರಿನ ಚಕ್ರದ ಬೇರಿಂಗು, ಒಂದು ದಪ್ಪ ಬೋಲ್ಟು. ದುಂಡು ಬಾಣಲೆಯಲ್ಲಿ ಕಾಂಕ್ರೀಟು ತುಂಬಿ ನಡುವೆ ಬೋಲ್ಟನ್ನು ತಲೆಕೆಳಗಾಗಿ ನಿಲ್ಲಿಸಿ ನೀರುಣಿಸಿದರೆ ಉಕ್ಕಿನ ಗೋಳದ ಬಡ ನೆಂಟ ತಯಾರು. ಪೂರ್ತಿ ಅರ್ಧಗೋಳವಾದ 8 ಇಂಚಿನ ಬಾಣಲೆಗೆ ಸುಮಾರು 2 ಲೀಟರು ಹಿಡಿಯುತ್ತದೆ, ಕಾಂಕ್ರೀಟಾದರೆ 5 ಕಿಲೋ. ಕಬ್ಬಿಣದ ಚೂರು ಬೆರೆಸಿದರೆ ಇನ್ನೂ ಭಾರ. ಬೋಲ್ಟಿಗೆ ಬೇರಿಂಗು, ಬೇರಿಂಗಿನ ಮೇಲೆ ವೈಸು, ಎಲ್ಲದರ ಕೆಳಗೆ ಅದೇ ಸಿಂಬೆ. ದವಡೆಗೆ ಚರ್ಮ ಅಂಟಿಸದಿದ್ದರೆ ತಾಮ್ರದ ಅಂಚಿಗೆ ಹಲ್ಲಿನ ಗುರುತು ಬೀಳುತ್ತದೆ. ಬೇರಿಂಗು ತೀರಾ ಸಲೀಸಾಗಿ ಸುತ್ತುವುದೂ ಒಳ್ಳೆಯದಲ್ಲ. ಗಟ್ಟಿ ಗ್ರೀಸು ತುಂಬಿ ಸ್ವಲ್ಪ ಮಂದ ಮಾಡಿಕೊಳ್ಳಬೇಕು.

ಸೂರತ್ತಿನದು ಇದಕ್ಕೆ ತದ್ವಿರುದ್ಧ ಲೋಕ. ಇಲ್ಲಿ ಭಾರವೆಂಬುದೇ ಇಲ್ಲ. ಒಂದು ಕ್ಯಾರಟ್ಟು ಎಂದರೆ 200 ಮಿಲಿಗ್ರಾಂ. ಅದರ ನೂರರಲ್ಲಿ ಒಂದು ಪಾಲು ತೂಗುವ ವಜ್ರದ ಹರಳಿಗೂ, ಅಂದರೆ 2 ಮಿಲಿಗ್ರಾಮಿನದಕ್ಕೂ, ಮುಖ ಕೊಡುವ ಊರು ಇದು. ಇಲ್ಲಿನ ವರಾಛಾದ ಕಾರ್ಖಾನೆಗಳಲ್ಲಿ ಹರಳುಜ್ಜುವ ಒಂದು ಘಂಟಿಯ ಸುತ್ತ ನಾಲ್ವರು ಕೂರುತ್ತಾರೆ. ಬರಿಗಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಹರಳನ್ನು ತಿರುಗುವ ಚಕ್ರಕ್ಕೆ ಸರಿಯಾದ ಕೋನದಲ್ಲಿ ಒತ್ತಿ, ಎತ್ತಿ, ಭೂತಗನ್ನಡಿಯಲ್ಲಿ ನೋಡಿ, ತುಸು ಹೊರಳಿಸಿ ಮತ್ತೆ ಒತ್ತುವುದು. ಸಾಮಾನ್ಯ ದುಂಡು ಹರಳಿಗೆ 57 ಮುಖ. ಹಳೇ ಕಾಲದಲ್ಲಿ ಹರಳನ್ನು ಹಿಡಿಯುತ್ತಿದ್ದದ್ದು ತಾಮ್ರದ ಸಣ್ಣ ಬಟ್ಟಲಿನಲ್ಲಿ ಸೀಸ-ತವರದ ಬೆಸುಗೆ ತುಂಬಿ, ಮೆತ್ತಗಿರುವಾಗ ಅದರೊಳಗೆ ಹರಳು ನೆಟ್ಟು. ಕೆಲವು ಮುಖ ಆದ ಮೇಲೆ ಮತ್ತೆ ಕಾಸಿ ಹರಳನ್ನು ತಿರುಗಿಸಿ ನೆಡಬೇಕು. ಆಮೇಲೆ ಉಗುರಿನಂತೆ ಹಿಡಿಯುವ ಯಂತ್ರದ ಹಿಡಿಗಳು ಬಂದವು. ವಜ್ರವನ್ನು ಉಜ್ಜುವುದಕ್ಕೆ ವಜ್ರದ ಪುಡಿಯೇ ಆಗಬೇಕು, ಹಿಡಿಯುವುದಕ್ಕೆ ಮಾತ್ರ ಸೀಸ ಸಾಕಾಯಿತು ಎಂಬುದು ನನಗೆ ಇಂದಿಗೂ ಸೋಜಿಗ.

ಅದನ್ನು ನೋಡಿಬಂದ ಮೇಲೆ ಅರಗಿನ ಕಡ್ಡಿಗಳನ್ನು ಮಾಡಿಕೊಂಡೆ. ನವರಾತ್ರಿ ಮುಗಿದ ಮರುದಿನ ಸೂರತ್ತಿನ ಯಾವ ಅಪಾರ್ಟ್‌ಮೆಂಟಿನ ಕೆಳಗೂ ಒಂಟಿ ದಾಂಡಿಯಾ ಕೋಲುಗಳು ಬಿದ್ದಿರುತ್ತವೆ. ಜೋಡಿ ಕಳೆದುಕೊಂಡ ಕೋಲು ಯಾರಿಗೂ ಬೇಡ. ಗೇಣುದ್ದಕ್ಕೆ ಕೊಯ್ದು, ಒಂದು ತುದಿಗೆ ಗೀರು ಹಾಕಿ, ಅಂಚೆಗೆ ಮೊಹರು ಹಾಕುವ ಅರಗನ್ನು ಕರಗಿಸಿ ಗುಬಟು ಮಾಡಿದರೆ ಪದಕ, ಉಂಗುರ, ಗುಂಡಿ ಏನನ್ನೂ ಕೂರಿಸಬಹುದು. ಲೋಹದ ತುಣುಕೂ ಬಿಸಿಯಾಗಿರಬೇಕು, ಇಲ್ಲದಿದ್ದರೆ ಮೊದಲ ಒತ್ತಿಗೇ ಕಳಚಿ ಹಾರುತ್ತದೆ. ಉಳಿದ ಅರಗನ್ನು ಸ್ಪಿರಿಟ್ಟು ಕರಗಿಸುತ್ತದೆ. ಈ ರಾಜ್ಯ 1960ರಲ್ಲಿ ಹುಟ್ಟಿದಾಗಿನಿಂದ ಪಾನನಿರೋಧದ್ದು. ಬಿಳಿಗೂದಲಿನ ಪರಭಾಷೆಯವನೊಬ್ಬ ಅಂಗಡಿಗೆ ಹೋಗಿ ಸ್ಪಿರಿಟ್ಟು ಇದೆಯಾ ಎಂದರೆ ಅಂಗಡಿಯವನ ಮುಖದಲ್ಲಿ ಕರುಣೆ, ಅನುಮಾನ ಎರಡೂ ಮೂಡುತ್ತವೆ. ಪಾಲಿಶ್ ಮಾಡುವ ಬಡಗಿಯ ಸ್ನೇಹ ಇಟ್ಟುಕೊಳ್ಳುವುದು ಮರ್ಯಾದಸ್ಥರ ದಾರಿ.

ವಡೋದರದಲ್ಲಿ ಕೂತು ತಾಮ್ರ ಕೆತ್ತುವ ಕನ್ನಡಿಗನಿಗೆ ಒಂದು ಹಕ್ಕಿನ ಹೆಮ್ಮೆಯೂ ಇದೆ. ಈ ಊರಿನ ಹೆಸರು ಬರುವ ಹಳೆಯ ದಾಖಲೆಯೇ ಒಂದು ತಾಮ್ರಶಾಸನ. ಕ್ರಿ.ಶ. 812ರದು; ಅಂಕೊಟ್ಟಕದ, ಎಂದರೆ ಇವತ್ತಿನ ಅಕೋಟಾದ, ಪಕ್ಕದ ವಡಪದ್ರಕ ಎಂಬ ಹಳ್ಳಿಯನ್ನು ದಾನ ಕೊಟ್ಟ ಪತ್ರ. ಕೊಟ್ಟವನು ಲಾಟದ ರಾಷ್ಟ್ರಕೂಟ ಕರ್ಕ ಸುವರ್ಣವರ್ಷ, ನಮ್ಮ ಮೂರನೆಯ ಗೋವಿಂದನ ತಮ್ಮ ಇಂದ್ರನ ಮಗ. ಬಾಲಕ ಅಮೋಘವರ್ಷ ನೃಪತುಂಗನನ್ನು ಸಿಂಹಾಸನದಲ್ಲಿ ನೆಲೆಗೊಳಿಸಿದವನೂ ಇವನೇ. ಇವನದೇ 821ರ ತಾಮ್ರಪಟ ಸೂರತ್ತಿನಲ್ಲಿ ಸಿಕ್ಕಿದೆ. ಶಾಸನಗಳು ದಾನಿಯ ವಂಶ ಹೇಳುತ್ತವೆ, ಪಡೆದವನ ಗೋತ್ರ ಹೇಳುತ್ತವೆ, ಹಳ್ಳಿಯ ನಾಲ್ಕು ದಿಕ್ಕಿನ ಎಲ್ಲೆ ಹೇಳುತ್ತವೆ, ದಾನ ಕಸಿದವನು ಯಾವ ನರಕಕ್ಕೆ ಹೋಗುತ್ತಾನೆಂದೂ ಹೇಳುತ್ತವೆ. ಕಂಡರಿಸುವಾಗ ತಗಡು ಕೂತದ್ದು ಯಾವುದರ ಮೇಲೆ ಎಂಬುದನ್ನು ದಾನಪತ್ರದಲ್ಲಿ ಬರೆಯುವ ಪದ್ಧತಿಯಿಲ್ಲ.

ಇದೇ ಊರಿನಲ್ಲಿ ಸಯಾಜಿರಾವ್ ಗಾಯಕ್ವಾಡರ ಆಶ್ರಯದಲ್ಲಿ 1890ರಲ್ಲಿ ಕಲಾಭವನ ತೆರೆಯಿತು. ಕಟ್ಟಿದವರು ಸೂರತ್ತಿನ ತ್ರಿಭುವನದಾಸ ಗಜ್ಜರ್, ಬಡಗಿಗಳ ಮನೆತನದ ರಸಾಯನಶಾಸ್ತ್ರಿ. ಮುಂಬಯಿಯಲ್ಲಿ ವಿಕ್ಟೋರಿಯಾ ರಾಣಿಯ ಅಮೃತಶಿಲೆಯ ಪ್ರತಿಮೆಗೆ ಯಾರೋ ಡಾಂಬರು ಬಳಿದಾಗ ಕಲೆ ತೆಗೆದುಕೊಟ್ಟವರು ಇವರೇ. ಸಿನಿಮಾದ ಫಾಲ್ಕೆ ಕೂಡ ಕಲಾಭವನದಲ್ಲಿ ಕಲಿತವರು. 1950ರಲ್ಲಿ ಶುರುವಾದ ಇಲ್ಲಿನ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗದಲ್ಲಿ ಜ್ಯೋತಿ ಭಟ್ಟರಂಥವರು ಲೋಹದ ತಗಡಿನಿಂದ ಮುದ್ರಣಚಿತ್ರ ತೆಗೆಯುವುದನ್ನು ಬೆಳೆಸಿದರು. ಮುದ್ರಣಕ್ಕೆಂದು ತಗಡು ಕೊರೆಯುವವರ ಹಳೇ ಆಸನವೆಂದರೆ ಚರ್ಮದ ಮರಳುಚೀಲ. ಊಟದ ತಟ್ಟೆಯಗಲದ ಎರಡು ಚರ್ಮದ ಚಕ್ರ, ಸುತ್ತ ಹೊಲಿಗೆ, ಒಳಗೆ ಒಣ ಮರಳು. ನನ್ನದು ಹಳೇ ಸೋಫಾದ ಚರ್ಮ, ಮಹೀ ನದಿಯ ಮರಳು. ಹೊಲಿದುಕೊಟ್ಟವನು ಬೀದಿಬದಿಯ ಚಮ್ಮಾರ. ಮರಳನ್ನು ಗಟ್ಟಿಯಾಗಿ ತುಂಬಬೇಕು, ದಿಂಬಿನಂತೆ ಮೆತ್ತಗಿದ್ದರೆ ತಗಡು ಹುದುಗಿ ಕೂರುತ್ತದೆ, ತಿರುಗುವುದಿಲ್ಲ. ದೊಡ್ಡ ಚಪ್ಪಟೆ ತಗಡಿಗೆ ಇದರಷ್ಟು ಸುಖ ಬೇರೊಂದಿಲ್ಲ, ಸಣ್ಣ ಉಂಗುರಕ್ಕೆ ಇದು ದಂಡ.

ಮಿಕ್ಕವು ಚಿಲ್ಲರೆ ಉಪಾಯಗಳು. ಬಿದಿರಿನ ಗಿಣ್ಣನ್ನು ನಡುವಿಗೆ ಬಿಟ್ಟು ಎರಡೂ ಕಡೆ ಸೀಳಿ, ಗಿಣ್ಣಿನ ಮೇಲೆ ಸೈಕಲ್ ಟ್ಯೂಬು ಸುತ್ತಿ, ಒಂದು ಸೀಳಿಗೆ ಬೆಣೆ ಹೊಡೆದರೆ ಇನ್ನೊಂದು ಸೀಳು ಉಂಗುರವನ್ನು ಕಚ್ಚಿ ಹಿಡಿಯುತ್ತದೆ. ಖಾಖ್ರಾ ಒತ್ತುವ ಮರದ ಒತ್ತುಗಕ್ಕೆ ಅಂಗೈಗೆ ಹೊಂದುವ ಹಿಡಿ ಇದೆಯಲ್ಲ, ಅದನ್ನು ತಲೆಕೆಳಗು ಮಾಡಿದರೆ ಸಣ್ಣ ತಗಡಿಗೆ ಗದ್ದುಗೆ. ಮರಕ್ಕೊಂದು, ತಗಡಿನ ಬೆನ್ನಿಗೊಂದು ಕಾಗದದ ಟೇಪು ಅಂಟಿಸಿ, ಎರಡು ಟೇಪಿನ ನಡುವೆ ಫೆವಿಕ್ವಿಕ್ ಹಾಕಿದರೆ ಬಂಡೆಯಂತೆ ನಿಲ್ಲುತ್ತದೆ, ಆಮೇಲೆ ಟೇಪಿನ ಸಮೇತ ಎದ್ದು ಬರುತ್ತದೆ. ಒತ್ತುಗ ಯಾರದ್ದೆಂದು ಮಾಸಿ ಕೇಳಿಲ್ಲ.

ಕೇಳಿದ್ದು ಬೇರೆ. ತಮ್ಮ ಹಿತ್ತಾಳೆ ಡಬ್ಬಿಯ ಮುಚ್ಚಳಕ್ಕೆ ಹೆಸರು ಬೇಕಂತೆ. ಪಾತ್ರೆ ಅಂಗಡಿಯಲ್ಲಿ ವಿದ್ಯುತ್ ಪೆನ್ನಿನಿಂದ ಗರ್ರ್ ಎಂದು ಬರೆದುಕೊಡುವ ಹೆಸರಲ್ಲ, ಕೈಯಿಂದ ಕೊರೆದದ್ದು. ಗುಜರಾತಿ ಅಕ್ಷರ ಕಲಿಯುವವನ ಮೇಲೆ ದಯೆಯುಳ್ಳದ್ದು: ಹಲವಕ್ಕೆ ಬಲಗಡೆ ನೆಟ್ಟಗೊಂದು ಕಂಬ, ಅರ್ಧ ಅಕ್ಷರ ನೇರ ದೂಡಿದರೆ ಮುಗಿಯಿತು. ವಿಷಯ ತಿಳಿದು ನನ್ನಾಕೆ ತನ್ನ ಸಾರಿನಪುಡಿ ಡಬ್ಬಿ ತಂದಿಟ್ಟಳು. ‘ರೀ, ಮೊದಲು ಮನೆಯವರದ್ದು ಮಾಡಿ. ಕನ್ನಡದಲ್ಲಿ.’ ಕನ್ನಡದಲ್ಲಿ ನೇರ ಗೆರೆ ಎಲ್ಲಿದೆ ಸ್ವಾಮಿ? ತಲೆಕಟ್ಟೂ ಕೊನೆಗೆ ಕೊಂಕುತ್ತದೆ. ಠಕಾರಕ್ಕೆ ಡಬ್ಬಿ ಪೂರ್ತಿ ಒಂದು ಸುತ್ತು ಬರಬೇಕು, ಳಕಾರಕ್ಕೆ ಎತ್ತಲಿಂದ ಎತ್ತ ತಿರುಗಿಸಬೇಕೆಂದು ಮೊದಲೇ ಚೀಟಿಯಲ್ಲಿ ಬರೆದುಕೊಳ್ಳಬೇಕು. ಇದನ್ನೆಲ್ಲ ವಿವರಿಸಿ, ಸರಿಯಾಗಿ ಸುತ್ತುವ ದೊಡ್ಡ ಬಾಣಲೆಯೊಂದು ಇದ್ದಿದ್ದರೆ ಎಂದು ರಾಗ ಎಳೆದೆ. ‘ಇರೋದು ಒಂದೇ ದೊಡ್ಡ ಬಾಣಲೆ, ಅದರಲ್ಲಿ ಹೋಳಿಗೆ ಹೂರಣ ಆಗಬೇಕು. ಸಿಂಬೆಗೆ ಬೇಕಾದರೆ ಇನ್ನೊಂದು ಹಳೇ ಸೀರೆ ಕೊಡ್ತೀನಿ’ ಎಂದಳು.